ವೈಲ್ಡ್‌ನ ಚಮತ್ಕಾರದ ಮಾತುಗಳು: ನಾಟಕದಿಂದ ಬಿಡಿಸಿ ಓದಬಹುದೇ?

ಪರ

ನಾಟಕದಿಂದ ಮಾತನ್ನು ಕಿತ್ತರೆ ಕೆಡುತ್ತದೆ ಎನ್ನುವವರು ಐರಿಷ್ ನಾಟಕಕಾರ ಆಸ್ಕರ್ ವೈಲ್ಡ್ ಬರೆಯುತ್ತಿದ್ದ ಬಗೆಯನ್ನು ನೋಡಬೇಕು. ‘ಹೆಂಗಸರೆಲ್ಲ ಕೊನೆಗೆ ತಾಯಂದಿರಂತೆಯೇ ಆಗುತ್ತಾರೆ, ಅದು ಅವರ ದುರಂತ, ಗಂಡಸು ಹಾಗಾಗುವುದಿಲ್ಲ, ಅದು ಅವನ ದುರಂತ.’ 1893ರ ‘ಎ ವುಮನ್ ಆಫ್ ನೋ ಇಂಪಾರ್ಟೆನ್ಸ್’ನಲ್ಲಿ ಇದರ ಮೊದಲರ್ಧ ಲಾರ್ಡ್ ಇಲಿಂಗ್‌ವರ್ತ್‌ನದು, ಉಳಿದರ್ಧ ಮಿಸೆಸ್ ಆಲನ್‌ಬಿಯದು. ಎರಡೇ ವರ್ಷಕ್ಕೆ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ನಲ್ಲಿ ಇಡೀ ಮಾತು ಆಲ್ಜರ್ನನ್ನನ ಪಾಲಾಯಿತು. ಅನುಭವವೆಂದರೆ ತಪ್ಪುಗಳಿಗೆ ಜನ ಇಟ್ಟುಕೊಂಡ ಹೆಸರು ಎಂಬುದೂ ಹಾಗೆಯೇ: ‘ವೆರಾ’ ನಾಟಕದ ರಷ್ಯನ್ ಪ್ರಧಾನಿ ಪ್ರಿನ್ಸ್ ಪಾಲ್ ಆಡಿದ್ದನ್ನು ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್’ನಲ್ಲಿ (1892) ಲಂಡನ್ನಿನ ಡಂಬಿ ಆಡುತ್ತಾನೆ. ಬರೆದವನೇ ಹೀಗೆ ಕಳಚಿ ಬೇರೆ ಕಡೆ ಜೋಡಿಸುತ್ತಿದ್ದ. 1894ರಲ್ಲಂತೂ ಪಾತ್ರ, ಅಂಕ ಯಾವುದರ ಹಂಗೂ ಇಲ್ಲದ ಬಿಡಿ ಮಾತುಗಳ ಎರಡು ಕಂತೆಗಳನ್ನೇ ಪತ್ರಿಕೆಗಳಿಗೆ ಕೊಟ್ಟ. ಓದುಗನಿಗೆ ಮಾತ್ರ ಯಾಕೆ ಈ ಮಡಿ?

ವಿರೋಧ

ಆ ಕಂತೆಗಳಲ್ಲೊಂದು ಏನು ಮಾಡಿತೆಂಬುದನ್ನೂ ಹೇಳಬೇಕಲ್ಲ. 1895ರ ಏಪ್ರಿಲ್ 3ರಂದು ಓಲ್ಡ್ ಬೇಲಿ ನ್ಯಾಯಾಲಯದಲ್ಲಿ, ವೈಲ್ಡ್ ತಾನೇ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ, ಎದುರು ವಕೀಲ ಎಡ್ವರ್ಡ್ ಕಾರ್ಸನ್ ಅದರಿಂದ ಒಂದೊಂದೇ ಸಾಲು ಓದಿ ‘ಇದು ನಿಜವೆನ್ನುತ್ತೀರಾ?’ ಎಂದು ಪಾಟೀಸವಾಲು ಹಾಕಿದ. ‘ನಾನು ಬರೆದದ್ದು ನಿಜವೆಂದು ನನಗೆ ಅನಿಸುವುದೇ ಅಪರೂಪ’ ಎಂದು ವೈಲ್ಡ್ ನುಣುಚಿಕೊಂಡ. ನಾಟಕದ ಸಾಲಾಗಿದ್ದರೆ ಅದು ಪಾತ್ರದ ಮಾತು ಎನ್ನಬಹುದಿತ್ತು. ಬಿಡಿ ಮಾತಿಗೆ ಬರೆದವನೇ ಜಾಮೀನು.

ತಾಯಿಯ ಮಾತನ್ನೇ ತೆಗೆದುಕೊಳ್ಳಿ. ಆಲ್ಜರ್ನನ್ ಅದನ್ನು ಆಡಿದ ಕೂಡಲೇ ಜ್ಯಾಕ್ ‘ಇದು ಜಾಣತನದ ಮಾತೋ?’ ಎಂದು ಕೇಳುತ್ತಾನೆ. ‘ಜೋಡಣೆಯಂತೂ ಅಚ್ಚುಕಟ್ಟು, ನಾಗರಿಕ ಬದುಕಿನಲ್ಲಿ ಒಂದು ಮಾತು ಎಷ್ಟು ನಿಜವಿರಬೇಕೋ ಅಷ್ಟು ನಿಜ’ ಎಂಬುದು ಉತ್ತರ. ಇಲ್ಲಿ ನಗೆಪಾಟಲಾಗುವುದು ಆ ಚಮತ್ಕಾರವೇ. ಸಿನಿಕನಿಗೆ ಎಲ್ಲದರ ಬೆಲೆ ಗೊತ್ತು, ಯಾವುದರ ಮೌಲ್ಯವೂ ಗೊತ್ತಿಲ್ಲ ಎಂಬ, ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್’ನ ಲಾರ್ಡ್ ಡಾರ್ಲಿಂಗ್ಟನ್ನನ ಮಾತಿನ ಪಾಡೂ ಇದೇ. ಸೆಸಿಲ್ ಗ್ರಹಾಂ ತಕ್ಷಣ ತಿರುಗಿಸುತ್ತಾನೆ: ಭಾವುಕನಿಗೆ ಎಲ್ಲದರಲ್ಲೂ ಅಸಂಬದ್ಧ ಮೌಲ್ಯ ಕಾಣುತ್ತದೆ, ಒಂದರ ಮಾರುಕಟ್ಟೆ ಬೆಲೆಯೂ ಗೊತ್ತಿರುವುದಿಲ್ಲ. ಈ ಎದುರೇಟು ಪೋಸ್ಟರುಗಳಲ್ಲಿ ಬರುವುದೇ ಇಲ್ಲ.

ಬಿಡಿಯಾಗಿ ತಿರುಗುವ ಮಾತಿಗೆ ಯಾರ ಹೆಸರನ್ನಾದರೂ ಅಂಟಿಸಬಹುದು. ‘ನೀನು ನೀನಾಗಿರು, ಬೇರೆಯವರ ಜಾಗವೆಲ್ಲ ಆಗಲೇ ಭರ್ತಿಯಾಗಿದೆ’ ಎಂಬುದು ವೈಲ್ಡ್‌ನ ಯಾವ ಕೃತಿಯಲ್ಲೂ ಇಲ್ಲ. ಅವನ ನಾಟಕಗಳ ಮೂಲಪಾಠ ಪುಕ್ಕಟೆ ಸಿಗುತ್ತದೆ. ಹಂಚುವ ಮುಂಚೆ ಅದರಲ್ಲಿ ಸಾಲನ್ನು ಹುಡುಕಿ, ಯಾವ ಅಂಕ, ಯಾರ ಮಾತು ಎಂದು ಗುರುತಿಸಿ, ಹಿಂದಿನ ಎರಡು, ಮುಂದಿನ ಎರಡು ಸಂಭಾಷಣೆ ಓದಿಕೊಳ್ಳಿ. ಅದಕ್ಕೆ ಐದು ನಿಮಿಷವೂ ಬೇಡ.