ಲೈಸೆನ್ಸ್ ಕೊಂಡಿದ್ದು ಅಪ್ಪ, ಮದರ್‌ಬೋರ್ಡ್ ಅಲ್ಲ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಪ್ರೆಸ್ಸಿನ ಶಟರ್ ಎಳೆದು ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ಪ್ರೆಸ್ಸಿಗೆ ಬಂದವರೆಲ್ಲ ಮೂಲೆಯಲ್ಲಿದ್ದ ಆ ಹಳೇ ಡೆಸ್ಕ್‌ಟಾಪ್ ನೋಡಿರ್ತೀರಿ, ಅಪ್ಪ 2008ರಲ್ಲಿ ಓಎಸ್ (ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್) ಲೈಸೆನ್ಸಿಗೂ ದುಡ್ಡು ಕೊಟ್ಟು ತಂದಿದ್ದು. ಹೋದ ವಾರ ಅದು ಆನ್ ಆಗಲಿಲ್ಲ. ಬಿಚ್ಚಿ ನೋಡಿದರೆ ಪ್ರೊಸೆಸರ್ ಪಕ್ಕದ ಐದು ಕೆಪಾಸಿಟರುಗಳ ತಲೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಅಂಟು ಇಳಿದಿತ್ತು. ಮದರ್‌ಬೋರ್ಡ್ ಹೋಯ್ತು ಅಂತ ಅಲ್ಲೇ ಗೊತ್ತಾಯ್ತು. ಡಿಸ್ಕ್ ಮಾತ್ರ ಚೆನ್ನಾಗಿತ್ತು.

ಹಳೇ ಮಶೀನ್ ಯಾಕಿನ್ನೂ ಇಟ್ಕೊಂಡಿದೀಯ ಅಂತ ಕೇಳೋರಿಗೆ ಡಿಟಿಪಿ, ಅಂದ್ರೆ ಕಂಪ್ಯೂಟರಲ್ಲಿ ಪುಟ ಜೋಡಿಸೋ ಕೆಲಸ ಗೊತ್ತಿಲ್ಲ. ಅದರಲ್ಲಿರೋದೆಲ್ಲ ಪೇಜ್‌ಮೇಕರ್ ಅನ್ನೋ ಪುಟ ಜೋಡಿಸೋ ಸಾಫ್ಟ್‌ವೇರಿನ ಫೈಲುಗಳು, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಕನ್ನಡ ಫಾಂಟುಗಳು. ಪೇಜ್‌ಮೇಕರ್ 7.0 ಬಂದಿದ್ದು 2001ರಲ್ಲಿ, ಆಮೇಲೆ ಸಣ್ಣಪುಟ್ಟ ಅಪ್‌ಡೇಟ್ ಬಿಟ್ಟರೆ ಹೊಸ ಆವೃತ್ತಿ ಬರಲೇ ಇಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಆ ಅಕ್ಷರ ತೆರೆದರೆ ಕನ್ನಡವೇ ಕಾಣಲ್ಲ, ಇಂಗ್ಲಿಷ್ ಅಕ್ಷರಗಳ ನೆತ್ತಿ ಮೇಲೆ ಚುಕ್ಕಿ, ಗೆರೆ, ಟೋಪಿ ಇಟ್ಟ ಹಾಗೆ ಕಾಣುತ್ತೆ. ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್ ಇದೆಯಲ್ಲ ಅಂತೀರಿ. ಇದೆ, ಪಠ್ಯಕ್ಕೆ ಸಾಕು. ಪುಟದ ಜೋಡಣೆ ಉಳಿಯಲ್ಲ. ಅಲ್ಲೊಂದು ಇಲ್ಲೊಂದು ಅರ್ಕಾವತ್ತು ತಪ್ಪಿರುತ್ತೆ, ಸಾಲು ಜಾರಿ ಮಾವನ ಹೆಸರು ಬಾಕ್ಸಿನಾಚೆ ಹೋಗಿರುತ್ತೆ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಾದರೆ ಏನಾಗುತ್ತೆ ಅಂತ ನನ್ನನ್ನ ಕೇಳಿ.

ಶುಕ್ರವಾರ ಹಳ್ಳಿಯಿಂದ ಒಬ್ಬ ಯಜಮಾನರು ಬಂದಿದ್ದರು. ಎರಡನೇ ಮಗಳ ಮದುವೆ. 'ದೊಡ್ಡವಳ ಪತ್ರಿಕೆ ನಿಮ್ಮಪ್ಪನೇ ಮಾಡಿಕೊಟ್ಟಿದ್ದು ಕಣಪ್ಪ, ಹಂಗೇ ಇರ್ಲಿ' ಅಂತ 2012ರ ಪತ್ರಿಕೆ ಮುಂದಿಟ್ಟರು. ಮಡಚಿದ ಗೆರೆಯಲ್ಲಿ ಬಣ್ಣ ಹೋಗಿತ್ತು, ಅರಿಶಿನದ ಗುರುತು ಹಾಗೇ ಇತ್ತು. ಆಗಲಿ ಅಂದೆ.

ಡಿಸ್ಕನ್ನು ಯುಎಸ್‌ಬಿ ಕನ್ವರ್ಟರ್‌ಗೆ ಹಾಕಿ ಇಮೇಜ್ (ಇಡೀ ಡಿಸ್ಕಿನ ನಕಲು) ತೆಗೆದು, ಹೊಸ ಕಂಪ್ಯೂಟರಿನ ವರ್ಚುವಲ್‌ಬಾಕ್ಸ್ ಅನ್ನೋ ಸಾಫ್ಟ್‌ವೇರಿನಲ್ಲಿ ವರ್ಚುವಲ್ ಮಶೀನ್, ಅಂದ್ರೆ ಕಂಪ್ಯೂಟರೊಳಗೆ ಇನ್ನೊಂದು ನಕಲಿ ಕಂಪ್ಯೂಟರ್ ಮಾಡಿದೆ. ಮೊದಲು ನೀಲಿ ಪರದೆ ಬಂತು. ಅದರಲ್ಲಿ ಡಿಸ್ಕ್ ಜೋಡಿಸೋ ಬಗೆಯನ್ನ ಸಾಟಾ ಬಿಟ್ಟು ಹಳೇ ಐಡಿಇ ಮಾಡಿದ ಮೇಲೆ ಶುರುವಾಯ್ತು. ಅಪ್ಪ ಇಟ್ಟಿದ್ದ ವಾಲ್‌ಪೇಪರ್ ಈಗ ಬರುತ್ತೆ ಅಂತ ಕಾಯ್ತಾ ಕೂತೆ. ಬಂದಿದ್ದು ಲೈಸೆನ್ಸ್ ಅಸಲಿ ಅಂತ ತೋರಿಸು ಅನ್ನೋ ಆ್ಯಕ್ಟಿವೇಶನ್ ಪರದೆ. ಆ್ಯಕ್ಟಿವೇಟ್ ಮಾಡದೆ ಲಾಗಿನ್ ಆಗೋ ಹಾಗಿಲ್ಲ.

ಕಾರಣ ಗೊತ್ತು ನನಗೆ. ಬ್ರಾಂಡೆಡ್ ಮಶೀನಿನ ಬಯಾಸ್‌ನಲ್ಲಿ (ಬೋರ್ಡಿನೊಳಗೇ ಇರೋ ಪುಟ್ಟ ಪ್ರೋಗ್ರಾಂ) ತಯಾರಕರು ಒಂದು ಗುರುತು ಬರೆದಿರ್ತಾರೆ. ಅದು ಕಾಣ್ತಾ ಇರೋವರೆಗೂ ಓಎಸ್ ಏನೂ ಕೇಳಲ್ಲ. ವರ್ಚುವಲ್ ಮಶೀನಿನಲ್ಲಿ ಆ ಗುರುತಿಲ್ಲ. ಡಿಸ್ಕ್ ಹೆಸರು ಬೇರೆ, ನೆಟ್‌ವರ್ಕ್ ಕಾರ್ಡ್ ನಂಬರೂ 08:00:27ರಿಂದ ಶುರುವಾಗುವ ವರ್ಚುವಲ್‌ಬಾಕ್ಸ್ ನಂಬರು. ಓಎಸ್ ಲೆಕ್ಕದಲ್ಲಿ ಇದು ಕದ್ದು ತಂದ ಮಾಲು.

ಕ್ಯಾಬಿನೆಟ್ ಬದಿಯ ಸ್ಟಿಕ್ಕರ್ ಸವೆದುಹೋಗಿತ್ತು. ಟಾರ್ಚ್ ಓರೆಯಾಗಿ ಹಿಡಿದು, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ, 25 ಅಕ್ಷರದ ಲೈಸೆನ್ಸ್ ಕೀ ಓದಿದೆ. ಬಿ-ನೋ ಎಂಟೋ ಗೊತ್ತಾಗದೆ ಎರಡೂ ಹಾಕಿ ನೋಡಿದೆ. ಒಪ್ಪಲಿಲ್ಲ. ಕೊನೆಗೆ ಓಎಸ್ ಕಂಪನಿಗೆ ಫೋನ್ ಮಾಡಿದೆ. ಪರದೆ ಮೇಲಿದ್ದ ಸಂಖ್ಯೆ ಓದಿ ಹೇಳಬೇಕು, ಆರಾರು ಅಂಕಿಯ ಒಂಬತ್ತು ಗುಂಪು, ಒಟ್ಟು 54 ಅಂಕಿ. ನಾನು ಓದ್ತಾ ಹೋದೆ, ಪಕ್ಕದಲ್ಲಿ ಹೆಂಡತಿ ಬೆರಳಿಟ್ಟು ಸರಿ ನೋಡ್ತಾ ಬಂದಳು.

'ಎಷ್ಟು ಕಂಪ್ಯೂಟರಲ್ಲಿ ಹಾಕಿದೀರಿ ಸರ್?' ಅಂದ ಆ ಕಡೆಯ ಹುಡುಗ. ಒಂದೇ ಅಂದೆ. ಬೋರ್ಡ್ ಸುಟ್ಟಿದೆ, ವರ್ಚುವಲ್ ಮಶೀನಿಗೆ ಹಾಕಿದೀನಿ ಅಂತಾನೂ ಹೇಳಿದೆ. 'ಹಾಗಾದ್ರೆ ಅದು ಬೇರೆ ಕಂಪ್ಯೂಟರ್ ಸರ್. ನಿಮ್ಮದು ಮಶೀನಿನ ಜೊತೆ ಬಂದ ಲೈಸೆನ್ಸ್, ಅದರ ಜೊತೆಗೇ ಮುಗೀತು.' ಸರಿ, ಹೊಸದು ಕೊಡಿ, ದುಡ್ಡು ಕಟ್ತೀನಿ ಅಂದೆ. 'ಆ ಆವೃತ್ತಿ ಮಾರೋದು ಯಾವತ್ತೋ ನಿಂತೋಯ್ತು ಸರ್.'

ಹುಡುಗನ ಮೇಲೆ ಕೋಪವಿಲ್ಲ. ಆದರೆ ಇದು ಯಾವ ನ್ಯಾಯ? ಇರೋದನ್ನ ಬಳಸೋಕೆ ಬಿಡಲ್ಲ, ಹೊಸದು ಮಾರೋದೂ ಇಲ್ಲ. ಹಣ ಕೊಟ್ಟಿದ್ದು ಅಪ್ಪ, ಮದರ್‌ಬೋರ್ಡ್ ಅಲ್ಲ. ಐದು ಕೆಪಾಸಿಟರ್ ಉಬ್ಬಿದರೆ ಅಪ್ಪ ಕೊಟ್ಟ ದುಡ್ಡೂ ಹೋಯ್ತಾ?

ಷರತ್ತಿನಲ್ಲಿ ಮೊದಲೇ ಬರೆದಿತ್ತು, ಒಂದು ಕೀ ಸಿಕ್ಕರೆ ನೂರು ಮಶೀನಿಗೆ ಹಾಕೋ ಜನ ಇದ್ದಾರೆ ಅಂತ ಗೆಳೆಯನೊಬ್ಬ ವಾದಿಸಿದ. ಇದ್ದಾರೆ, ನಾನೂ ನೋಡಿದ್ದೀನಿ. ಅವರು ಹಾಕೋದು ಕ್ರ್ಯಾಕ್ ಮಾಡಿದ, ಅಂದ್ರೆ ಲೈಸೆನ್ಸಿನ ಬೀಗ ಮುರಿದ ಕಾಪಿ. ಅವರಿಗೆ ಈ ಪರದೆ ಬರೋದೇ ಇಲ್ಲ, 54 ಅಂಕಿ ಓದೋ ಕೆಲಸವೂ ಇಲ್ಲ. ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿಸಿಕೊಳ್ಳೋದು ಬಿಲ್ ಇಟ್ಟುಕೊಂಡವನು. ಷರತ್ತು ಬರೆದದ್ದೂ ಕಂಪನಿಯವರೇ. ಅಪ್ಪನಿಗೆ ಅದನ್ನ ಯಾರೂ ಓದಿ ಹೇಳಿರಲಿಲ್ಲ.

ಬಿಲ್ ಅಂದೆನಲ್ಲ, ಅದು ಅಪ್ಪನ ಫೈಲಿನಲ್ಲಿ ಇನ್ನೂ ಇದೆ, ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟಿದ್ದಾರೆ. ಆಗ ಬೀದಿಯಲ್ಲಿ ಎಲ್ಲರೂ ಸುಮ್ಮನೆ ಹಾಕಿಸಿಕೊಳ್ಳೋರು. ಓಎಸ್ ಇಲ್ಲದ ಮಶೀನ್ ತಗೊಂಡರೆ ದುಡ್ಡು ಉಳಿಯುತ್ತೆ ಅಂತ ಅಂಗಡಿಯವನೇ ಹೇಳಿದ್ದ. ಅಪ್ಪ ಕೇಳಲಿಲ್ಲ. ಕಾಗದದವನಿಗೆ, ಇಂಕಿನವನಿಗೆ ಕೊಟ್ಟ ಹಾಗೆ ಇದಕ್ಕೂ ಕೊಡಬೇಕು ಅಂದರು. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ನಿನ್ನೆ ರಾತ್ರಿ ನಾನು ಕ್ರ್ಯಾಕ್ ಡೌನ್‌ಲೋಡ್ ಮಾಡಿದ್ದೆ. ಆ ಫೈಲಿನ ಮೇಲೆ ಮೌಸ್ ಇಟ್ಟುಕೊಂಡು ಹತ್ತು ನಿಮಿಷ ಕೂತಿದ್ದೆ. ಒತ್ತೋಕಾಗಲಿಲ್ಲ, ಡಿಲೀಟ್ ಮಾಡಿ ಶಟರ್ ಎಳೆದೆ.

ಇವತ್ತು ಬೆಳಗ್ಗೆ ಬೋರ್ಡನ್ನ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಹುಡುಗನಿಗೆ ಕೊಟ್ಟೆ. ಐದೂ ಕೆಪಾಸಿಟರ್ ಬದಲಾಯಿಸಿದ. ಸಂಜೆ ಆನ್ ಆಯ್ತು. ಲಾಗಿನ್ ಪರದೆ ಏನೂ ಕೇಳದೆ ಒಳಗೆ ಬಿಟ್ಟಿತು. ಯಜಮಾನರ ಪತ್ರಿಕೆ ತೆರೆದು ಹುಡುಗಿ ಹೆಸರು, ಮುಹೂರ್ತ ಬದಲಾಯಿಸಿದ್ದೀನಿ, ನಾಳೆ ಪ್ರೂಫ್. ಎಷ್ಟು ದಿನ ನಡೆಯುತ್ತೋ ಹೇಳೋಕಾಗಲ್ಲ ಅಂದಿದ್ದಾನೆ ಹುಡುಗ.

ಇದೇ ಮಾಡೆಲ್ ಬೋರ್ಡ್ ಯಾರ ಹತ್ತಿರವಾದರೂ ಗುಜರಿಗೆ ಹೋಗದೆ ಬಿದ್ದಿದ್ದರೆ ದಯವಿಟ್ಟು ಹೇಳಿ. ಮಾಡೆಲ್ ನಂಬರಿನ ಫೋಟೋ ಮೊದಲ ಕಾಮೆಂಟಿನಲ್ಲಿ ಹಾಕಿದ್ದೀನಿ. ಎಲ್ಲಿದ್ದರೂ ನಾನೇ ಬಂದು ತಗೊಂಡು ಹೋಗ್ತೀನಿ.