ರಿಮೋಟ್ ಕೆಲಸದವನ ಮನೆಗೆ ದೊಡ್ಡಪ್ಪ ಬಂದದ್ದು

ತಪ್ಪು ನನ್ನದೇ. ಫೋನಿನಲ್ಲಿ ದೊಡ್ಡಪ್ಪ "ಈಗ ಎಂಥ ಕೆಲಸ ಮಾರಾಯ?" ಎಂದು ಕೇಳಿದಾಗ "ಕಂಪ್ಯೂಟರ್ ಕೆಲಸ" ಎಂದಿದ್ದರೆ ಮುಗಿಯುತ್ತಿತ್ತು. ಜಂಬ ಬಿಡಬೇಕಲ್ಲ. "ರಿಮೋಟ್ ಕೆಲಸ ದೊಡ್ಡಪ್ಪ, ಮನೆಯಲ್ಲೇ" ಎಂದೆ.

ಮುಂದಿನ ವಾರ ಹೊಸನಗರದ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದೇಬಿಟ್ಟರು. ಚೀಲದಿಂದ ಮೊದಲು ಅಪ್ಪೆಮಿಡಿ ಉಪ್ಪಿನಕಾಯಿ ಹೊರಬಂತು. ಆಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಮೂರು ರಿಮೋಟು. ಒಂದು ಅವರದ್ದು, ಇನ್ನೆರಡು ಪಕ್ಕದ ಮನೆಯವರದ್ದು.

"ಅರ್ಜೆಂಟಿಲ್ಲ. ನಾನು ಹೊರಡೋದು ನಾಡಿದ್ದು."

ರಿಮೋಟ್ ಅಂದರೆ ದೂರ ಅಂತ ಅರ್ಥ, ರಿಪೇರಿ ಅಲ್ಲ ಎಂದು ಬಿಡಿಸಿ ಹೇಳಿದೆ. ಟಿವಿಯದ್ದಕ್ಕೆ ರಿಮೋಟ್ ಕಂಟ್ರೋಲ್ ಅಂತ ಪೂರ್ತಿ ಹೆಸರು. ನಾವು ಕಂಟ್ರೋಲ್ ಬಿಟ್ಟು 'ದೂರ'ವನ್ನಷ್ಟೇ ಉಳಿಸಿಕೊಂಡಿದ್ದೇವೆ. ದಿನಾ ರಾತ್ರಿ ಸೋಫಾದ ಸಂದಿಯಲ್ಲಿ ಕೈಹಾಕಿ ಹುಡುಕುವುದು ಆ ದೂರವನ್ನೇ. ಮೊತ್ತಮೊದಲು ಅದು ಅಷ್ಟು ದೂರವೂ ಇರಲಿಲ್ಲ. 1950ರಲ್ಲಿ ಅಮೆರಿಕದ ಜೆನಿತ್ ಕಂಪನಿ ಮಾಡಿದ 'ಲೇಜಿ ಬೋನ್ಸ್' ರಿಮೋಟಿಗೆ ಟಿವಿವರೆಗೂ ವೈರು. ಜನ ಎಡವುತ್ತಿದ್ದರು. 1955ರಲ್ಲಿ ಟಾರ್ಚಿನಂತೆ ಬೆಳಕು ಬಿಡುವುದನ್ನು ತಂದರು. ಟಿವಿ ಮೇಲೆ ಬಿಸಿಲು ಬಿದ್ದರೆ ಸೂರ್ಯನೇ ಚಾನೆಲ್ ಬದಲಿಸಿಬಿಡುತ್ತಿದ್ದ. ಮರುವರ್ಷ ಬಂದ ರಾಬರ್ಟ್ ಆಡ್ಲರ್ ಅವರ ರಿಮೋಟಿಗೆ ಸೆಲ್ಲೇ ಬೇಡ. ಒತ್ತಿದರೆ ಒಳಗೆ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಕಡ್ಡಿಗೆ ಬಡಿಯುತ್ತಿತ್ತು. ಅದರ ಸದ್ದು ನಮ್ಮ ಕಿವಿಗೆ ಕೇಳದು, ಟಿವಿಗೆ ಕೇಳುತ್ತಿತ್ತು.

ಅಲ್ಲಿಯವರೆಗೆ ತೂಕಡಿಸುತ್ತಿದ್ದ ದೊಡ್ಡಪ್ಪ ಎದ್ದು ಕೂತರು. "ಸೆಲ್ಲೇ ಬೇಡವಾ? ಅಂಥದ್ದನ್ನ ಯಾಕೆ ಬಿಟ್ಟರು?"

ಕೇಳುವವರು ಸಿಕ್ಕಿದರೆಂದು ನಾನು ಲ್ಯಾಟಿನ್‌ಗೆ ಇಳಿದೆ. ಅಲ್ಲಿ 'ರೆಮೊವೇರೆ' ಎಂದರೆ ಆಚೆ ಸರಿಸು. ಹಾಗೆ ಸರಿಸಿದ್ದು 'ರೆಮೋಟುಸ್'. ಅದರಿಂದಲೇ ರಿಮೋಟ್. ರಿಮೂವ್ ಕೂಡ ಅದೇ ಮನೆಯ ಕೂಸು. ಮೂವ್, ಮೋಟಾರು, ಪ್ರಮೋಷನ್ನು ಎಲ್ಲಾ ಒಂದೇ ಬೇರಿನವು. ನನಗೆ ಈ ವರ್ಷ ಆ ಕೊನೆಯದ್ದು ಬರಲಿಲ್ಲ, ಅದು ಬೇರೆ ವಿಷಯ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಕೊರಿಯರ್ ಹುಡುಗ ನಮ್ಮೂರು ರಿಮೋಟ್ ಏರಿಯಾ ಅಂತ ಜಾಸ್ತಿ ದುಡ್ಡು ಕೇಳಿದ್ದ. ನಮ್ಮೂರನ್ನ ಯಾರು ಸರಿಸಿದರು ಮಾರಾಯ? ಅದು ಇದ್ದಲ್ಲೇ ಇದೆ. ಸರಿದವನು ನೀನು."

ಇದಕ್ಕೆ ನನ್ನ ಹತ್ತಿರ ಲ್ಯಾಟಿನ್ ಇರಲಿಲ್ಲ. ರಿಮೋಟ್ ಕೈಗೆತ್ತಿಕೊಂಡೆ.

ಇದನ್ನು ಪರೀಕ್ಷಿಸಲು ಒಂದು ಉಪಾಯ ಗೊತ್ತಿತ್ತು. ಈಗಿನ ರಿಮೋಟಿನಿಂದ ಬರುವ ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಆದರೆ ಎಷ್ಟೋ ಕ್ಯಾಮೆರಾಗಳಿಗೆ ನೇರಳೆ ಚುಕ್ಕಿಯಾಗಿ ಕಾಣುತ್ತದೆ. ಫೋನು ಚಾರ್ಜಿಗಿಟ್ಟಿದ್ದೆ. ಲ್ಯಾಪ್‌ಟಾಪ್ ಮುಂದೆ ಕೂತು, ರಿಮೋಟನ್ನು ಕ್ಯಾಮೆರಾಕ್ಕೆ ಹಿಡಿದು ಒಂದೊಂದೇ ಗುಂಡಿ ಒತ್ತಿದೆ. ಹಿಂದೆ ದೊಡ್ಡಪ್ಪ ಬನಿಯನ್ನಿನಲ್ಲಿ ನಿಂತು "ಬಂತು, ಬಂತು! ದೀಪ ಬಂತು!" ಎಂದು ಕೂಗಿದರು.

ಹತ್ತೂವರೆಯ ಮೀಟಿಂಗಿಗೆ ನಾನು ಆಗಲೇ ಸೇರಿದ್ದೆ. ಹದಿನಾಲ್ಕು ಜನ ನೋಡುತ್ತಿದ್ದರು. ಮ್ಯಾನೇಜರ್ ಮೆಲ್ಲಗೆ, "ನಮ್ಮನ್ನ ಮ್ಯೂಟ್ ಮಾಡೋಕೆ ಅಷ್ಟು ಕಷ್ಟಪಡಬೇಕಾಗಿಲ್ಲ" ಎಂದರು.

ದೀಪ ಬಂದ ರಿಮೋಟು ಸರಿಯೇ ಇತ್ತು, ಪಕ್ಕದ ಮನೆಯವರ ಟಿವಿಯೇ ಕೆಟ್ಟಿರಬೇಕು. ಇನ್ನೊಂದರಲ್ಲಿ ಸೆಲ್ಲು ಉಲ್ಟಾ ಕೂತಿತ್ತು. ಮೂರನೆಯದರಲ್ಲಿ ಸೆಲ್ ಸೋರಿ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಉಜ್ಜಿ, ಗೋಡೆ ಗಡಿಯಾರದ ಸೆಲ್ ಕಿತ್ತು ಹಾಕಿದೆ. ದೊಡ್ಡಪ್ಪ ಖುಷಿಯಿಂದ ಬಸ್ ಹತ್ತಿದರು.

ನಿನ್ನೆ ಅವರ ಫೋನ್ ಬಂತು. "ಊರಲ್ಲೆಲ್ಲ ಹೇಳಿದ್ದೇನೆ. ಹಬ್ಬಕ್ಕೆ ಬರುವಾಗ ಒಂದು ಸ್ಕ್ರೂಡ್ರೈವರ್ ತಗೊಂಡು ಬಾ. ಹನ್ನೊಂದು ಇದೆ."