ತೋಟಕ್ಕೆ ದಪ್ಪ ಬೋರಿನ ರಿವಾಲ್ವರ್ ಯಾಕೆ ಬೇಡ

ಭತ್ತ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಗದ್ದೆಗೆ ಇಳಿಯುತ್ತೆ. ಅದೇ ಹೊತ್ತಿಗೆ ನಮ್ಮ ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಹುಡುಗರಿಂದ ಒಂದು ಪ್ರಶ್ನೆಯೂ ಶುರುವಾಗುತ್ತೆ: "ಅಣ್ಣಾ, ಅಮೆರಿಕದಲ್ಲಿ .44 ರಿವಾಲ್ವರ್‌ನಲ್ಲೇ ಹಂದಿ ಹೊಡೀತಾರೆ. ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟ ಸುತ್ತಬಹುದು. ನಮಗ್ಯಾಕೆ ಆಗಲ್ಲ?" ಉತ್ತರ ಕಾನೂನಿನಲ್ಲೂ ಇದೆ, ಲೆಕ್ಕದಲ್ಲೂ ಇದೆ. ನನಗೆ ಲೆಕ್ಕವೇ ಹೆಚ್ಚು ಮುಖ್ಯ. ಕಾನೂನು ನಾಳೆ ಬದಲಾದರೂ ಹಂದಿಯ ಭುಜದ ಚರ್ಮ ತೆಳ್ಳಗಾಗಲ್ಲ.

ಮೊದಲು ಅಲ್ಲಿನ ವಿಷಯ. .44 ಮ್ಯಾಗ್ನಮ್ ಬಂದಿದ್ದು 1955-56ರಲ್ಲಿ. ಅದಕ್ಕಿಂತ ದೊಡ್ಡ .500 ಸ್ಮಿತ್ ಅಂಡ್ ವೆಸನ್ ಬಂದಿದ್ದು 2003ರಲ್ಲಿ, ಉದ್ದ ನಳಿಗೆಯದ್ದಾದರೆ ಹತ್ತಿರಹತ್ತಿರ ಎರಡು ಕಿಲೋ ತೂಕ. ಅಲಾಸ್ಕಾದಲ್ಲಿ ಮೀನು ಹಿಡಿಯಲು ಹೋಗುವವರು ಇಂಥದ್ದನ್ನು ಕರಡಿ ಮೈಮೇಲೆ ಬಿದ್ದರೆ ಕೊನೇ ಉಪಾಯಕ್ಕೆ ಅಂತ ಇಟ್ಟುಕೊಳ್ಳುತ್ತಾರೆ. ದನದ ರ‍್ಯಾಂಚುಗಳಲ್ಲಿ ಕಾಲು ಮುರಿದ ಪ್ರಾಣಿಯ ಸಂಕಟ ಮುಗಿಸಲು, ಚಿಕ್ಕ ಚರೆ ತುಂಬಿದ ತೋಟಾ ಹಾಕಿ ಹಾವು ಹೊಡೆಯಲು ಬಳಸುವುದೂ ಇದೆ. ಹಂದಿ ಅಲ್ಲಿ ಹೊರಗಿಂದ ಬಂದು ಹಬ್ಬಿದ ಪ್ರಾಣಿ, ಟೆಕ್ಸಾಸ್‌ನಲ್ಲಿ ವರ್ಷವಿಡೀ ಹೊಡೆಯಬಹುದು. ಅಷ್ಟಾದರೂ ರಿವಾಲ್ವರ್ ಹಿಡಿದು ಬೇಟೆಗೆ ಹೋಗುವವರು ವಾರಗಟ್ಟಲೆ ಅಭ್ಯಾಸ ಮಾಡಿ, ಟೆಲಿಸ್ಕೋಪ್ ಕೂರಿಸಿ, ಕೈಯನ್ನು ಯಾವುದಾದರೂ ಆಸರೆಗೆ ಇಟ್ಟು, ಹಗಲಿನಲ್ಲಿ ಹೊಡೆಯುತ್ತಾರೆ. ನಮ್ಮಲ್ಲಿ ಕೇಳುವುದು ರಾತ್ರಿ ಹನ್ನೊಂದಕ್ಕೆ, ಒಂದು ಕೈಲಿ ಟಾರ್ಚ್ ಹಿಡಿದು, ಇಳಿಜಾರಿನ ಕಾಫಿ ಗಿಡದ ನಡುವೆ ಹೊಡೆಯಬಹುದಾ ಅಂತ.

ಈಗ ಲೆಕ್ಕಕ್ಕೆ ಬನ್ನಿ. ನಮ್ಮಲ್ಲಿ ಲೈಸೆನ್ಸಿಗೆ ಸಾಮಾನ್ಯವಾಗಿ ಸಿಗುವ ರಿವಾಲ್ವರ್ .32. ಅದರ ಗುಂಡು ಸುಮಾರು 6.3 ಗ್ರಾಂ, ನಳಿಗೆ ಬಿಡುವಾಗ ಶಕ್ತಿ ಸುಮಾರು 150 ಜೌಲ್. 12 ಬೋರಿನ ಕೋವಿಗೆ ಹಾಕುವ, ದಪ್ಪ ಚರೆಯ ಎಲ್‌ಜಿ ತೋಟಾದ ಒಂದೇ ಒಂದು ಚರೆ ಸುಮಾರು 4.5 ಗ್ರಾಂ, ಅದರ ಶಕ್ತಿ ಸುಮಾರು 360 ಜೌಲ್. ಒಂದು ಔನ್ಸ್ ಚರೆಯ ತೋಟಾದಲ್ಲಿ ಅಂಥವು ಆರು. ಹಳೇ ಬಿಳಿ ದೊರೆಗಳ .455 ವೆಬ್ಲಿ ರಿವಾಲ್ವರ್ ಬಗ್ಗೆ ಬಹಳ ದೊಡ್ಡ ಮಾತು ಕೇಳುತ್ತೇವಲ್ಲ, ಅದರ ಗುಂಡು 17 ಗ್ರಾಂ ಇದ್ದರೂ ಓಟ ನಿಧಾನ. ಶಕ್ತಿ ಸುಮಾರು 300 ಜೌಲ್, ಅಂದರೆ ಎಲ್‌ಜಿಯ ಒಂದು ಚರೆಗಿಂತ ಕಡಿಮೆ. .44 ಮ್ಯಾಗ್ನಮ್ ನಿಜಕ್ಕೂ ಜೋರು, ಸುಮಾರು 1300 ಜೌಲ್. ಆದರೆ 12 ಬೋರಿನ ಒಂಟಿಗುಂಡಿನದ್ದು 3000 ದಾಟುತ್ತೆ. ಲಕ್ಷಗಟ್ಟಲೆ ಸುರಿದು ತರುವ ದಪ್ಪ ರಿವಾಲ್ವರ್, ಮನೆಯ ಮೂಲೆಯಲ್ಲಿ ನಿಂತಿರುವ ಜೋಡಿ ನಳಿಗೆ ಕೋವಿಯ ಅರ್ಧದಷ್ಟೂ ಇಲ್ಲ.

ಶಕ್ತಿಗಿಂತ ದೊಡ್ಡ ತೊಂದರೆ ಗುರಿಯದ್ದು. ಆರು ಇಂಚಿನ ನಳಿಗೆಯ ರಿವಾಲ್ವರ್‌ನಲ್ಲಿ ಗುರಿ ಹಿಡಿಯುವ ಮುಂದಿನ ಮಣಿಗೂ ಹಿಂದಿನ ಕಚ್ಚಿಗೂ ನಡುವೆ ಸುಮಾರು 20 ಸೆಂಟಿಮೀಟರ್. ಮಣಿ ಒಂದೇ ಒಂದು ಮಿಲಿಮೀಟರ್ ಆಚೀಚೆ ಆದರೆ 25 ಮೀಟರ್ ದೂರದಲ್ಲಿ ಗುಂಡು ಹನ್ನೆರಡೂವರೆ ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತೆ. ಉದ್ದ ಕೋವಿಯಲ್ಲಿ ಕಣ್ಣು ಓಡುವ ದಾರಿ 75 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ, ಅದೇ ಒಂದು ಮಿಲಿಮೀಟರ್ ತಪ್ಪಿಗೆ ಮೂರೂಕಾಲು ಸೆಂಟಿಮೀಟರ್ ಅಷ್ಟೇ. ಹಂದಿಯ ಮುಂಗಾಲಿನ ಹಿಂದೆ ಗುಂಡು ಬೀಳಬೇಕಾದ ಜಾಗ ನಿಮ್ಮ ಬಿಡಿಸಿದ ಅಂಗೈಯಷ್ಟು. ಅದರ ನಡುವಿಗೆ ಗುರಿ ಇಟ್ಟು ಹನ್ನೆರಡು ಸೆಂಟಿಮೀಟರ್ ತಪ್ಪಿದರೆ ಹೊಟ್ಟೆಗೆ ಬೀಳುತ್ತೆ, ಇಲ್ಲವೇ ಕಾಲಿಗೆ. ಅದರ ಮೇಲೆ ಕೋವಿಗೆ ಹೆಗಲು, ಕೆನ್ನೆ, ಎರಡು ಕೈ, ಹೀಗೆ ನಾಲ್ಕು ಆಸರೆ. ರಿವಾಲ್ವರ್‌ಗೆ ಮಣಿಕಟ್ಟು ಒಂದೇ.

ವಯಸ್ಸಾದ ಒಂಟಿಗ ಗಂಡು ಹಂದಿಯ ಭುಜದ ಮೇಲೆ ಗಟ್ಟಿ ಚರ್ಮದ ಹಲಗೆ ಇರುತ್ತೆ. ಗಂಡುಗಂಡು ಕಾದಾಡುವಾಗ ಕೋರೆಯಿಂದ ಉಳಿಯಲು ಪ್ರಕೃತಿ ಕೊಟ್ಟಿದ್ದು ಅದು. ಅಲ್ಲಿ ಬಿದ್ದ .32 ಗುಂಡು ಆಳಕ್ಕೆ ಇಳಿಯುತ್ತೆ ಅಂತ ಯಾರೂ ಭರವಸೆ ಕೊಡಲಾರರು. ಗಾಯ ತಿಂದ ಹಂದಿ ಹಳ್ಳದ ಪೊದೆ ಸೇರುತ್ತೆ, ಬೆಳಗ್ಗೆ ಆ ಪಟ್ಟೆಗೆ ಕಾಫಿ ಕೊಯ್ಲಿಗೆ ಇಳಿಯುವುದು ಕೂಲಿ ಹೆಂಗಸರು. ಇದು ನನಗೆ ಎಲ್ಲಕ್ಕಿಂತ ಭಾರವಾದ ಕಾರಣ. ಹೊಡೆದವನು ಹೊದ್ದು ಮಲಗಿರುತ್ತಾನೆ, ಹಂದಿಗೆ ಎದುರಾಗುವವಳು ಇನ್ನೊಬ್ಬಳು.

ಗುಂಡು ತಪ್ಪಿದರೆ ಎಲ್ಲಿಗೆ ಹೋಗುತ್ತೆ ಅನ್ನೋದೂ ಯೋಚಿಸಿ. .44 ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಎಲ್‌ಜಿ ಚರೆ ಹೆಚ್ಚೆಂದರೆ ಏಳುನೂರು ಮೀಟರ್ ಆಸುಪಾಸು. ನಮ್ಮ ತೋಟಗಳಲ್ಲಿ ಏಳುನೂರು ಮೀಟರ್ ಒಳಗೇ ಕೂಲಿಯವರ ಲೈನ್ ಮನೆ, ಕಣ, ರಸ್ತೆ ಎಲ್ಲಾ ಇರುತ್ತೆ. ಹಾಗಾಗಿ ಯಾವ ಕೋವಿಯಾದರೂ ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ಎತ್ತಬಾರದು. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಅಂಟಿ ನಿಂತ ಪ್ರಾಣಿಗೆ ಎಂದೂ ಬೇಡ. ಬಂಡೆ, ಜಂಬಿಟ್ಟಿಗೆ ಗೋಡೆಗೆ ಬಿದ್ದ ಗುಂಡು ಯಾವ ಕಡೆ ಚಿಮ್ಮುತ್ತೆ ಅಂತ ಹೇಳಕ್ಕಾಗಲ್ಲ.

ಕಾನೂನು ಈ ವಿಷಯದಲ್ಲಿ ರೈತನ ಪರವಾಗಿಯೇ ಯೋಚಿಸಿದೆ, ಅದನ್ನು ಓದಿದವರು ಕಡಿಮೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13(3)ನೇ ಕಲಂ ನೋಡಿ. ಪ್ರಾಮಾಣಿಕ ಬೆಳೆ ರಕ್ಷಣೆಗೆ ಕೇಪಿನ ಕೋವಿ, ಅಂದರೆ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ ಲೈಸೆನ್ಸ್ ಕೊಡಬೇಕು ಅನ್ನುತ್ತೆ. ಕೇಪಿನ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ಗೀರಿಲ್ಲದ ಕೋವಿಗೆ ಕೊಡಬಹುದು ಅನ್ನುತ್ತೆ. ಅಂದರೆ 12 ಬೋರು. ಬೆಳೆ ರಕ್ಷಣೆಯ ಹೆಸರಿನಲ್ಲಿ ರಿವಾಲ್ವರ್ ಅಲ್ಲಿ ಎಲ್ಲೂ ಇಲ್ಲ. ರಿವಾಲ್ವರ್ ಬೇಕಾದರೆ ಜೀವಭಯದ ಕಾರಣವನ್ನು ಬೇರೆಯಾಗಿ ತೋರಿಸಬೇಕು. ಅರ್ಜಿಯಲ್ಲಿ "ಹಂದಿ ಕಾಟ" ಅಂತ ಬರೆದು ರಿವಾಲ್ವರ್ ಕೇಳಿದರೆ ತಿರಸ್ಕಾರವಾಗುವುದು ಸಹಜ, ಅದಕ್ಕೆ ಡಿಸಿ ಆಫೀಸನ್ನು ಬೈದು ಪ್ರಯೋಜನವಿಲ್ಲ. ಕೊಡಗಿನವರಿಗೆ ಇರುವ ಲೈಸೆನ್ಸಿನ ವಿನಾಯಿತಿ ನಮ್ಮ ಎರಡು ಜಿಲ್ಲೆಗೆ ಇಲ್ಲ ಅನ್ನೋದೂ ನೆನಪಿರಲಿ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಹೊಡೆಯಬಹುದು ಅಂತಲ್ಲ. 2022ರ ತಿದ್ದುಪಡಿ ಆದಮೇಲೆ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುತ್ತಿದ್ದರೆ 11(1)(ಬಿ) ಕಲಂ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಟ್ಟಾಗ ಮಾತ್ರ ಹೊಡೆಯಬಹುದು. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, ಮನೆಗೆ ಹೊರುವಂತಿಲ್ಲ. ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ ಅನ್ನುವ 11(2) ಮನುಷ್ಯನ ಜೀವಕ್ಕೆ ಇರುವುದು, ಭತ್ತಕ್ಕಲ್ಲ. ಆನೆ, ಕಾಟಿ ಮಾತೇ ಬೇಡ, ಅತಿ ಹೆಚ್ಚು ರಕ್ಷಣೆಯ ಮೊದಲ ಶೆಡ್ಯೂಲು. ಆನೆ ಬಂದರೆ ಅರಣ್ಯ ಇಲಾಖೆಯ ಆನೆ ಟಾಸ್ಕ್ ಫೋರ್ಸಿಗೆ ಫೋನು, ಒಳಗೆ ಹೋಗಿ ಬಾಗಿಲು, ಅಷ್ಟೇ. ಹಾವಿಗೆ ಹಾವು ಹಿಡಿಯುವವರು, ನರಳುವ ದನಕ್ಕೆ ಪಶುವೈದ್ಯರು. ಅಮೆರಿಕದ ರ‍್ಯಾಂಚಿನ ಈ ಎರಡು ಕೆಲಸವೂ ನಮ್ಮಲ್ಲಿ ರಿವಾಲ್ವರ್‌ನದ್ದಲ್ಲ.

ಇನ್ನು ಇರುವ ಕೋವಿ ನೆಟ್ಟಗಿದೆಯಾ? ಬಹಳ ಮನೆಗಳಲ್ಲಿ ಹಳೇ ಇಂಗ್ಲಿಷ್ ಜೋಡಿ ನಳಿಗೆ ಇದೆ. ಅದರ ತೋಟಾ ಕೂರುವ ಕೋಣೆ ಎಷ್ಟೋ ಸಲ ಎರಡೂವರೆ ಇಂಚಿನದ್ದು, ಅಂದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಕೊಡುವ ತೋಟಾ 70 ಮಿಲಿಮೀಟರ್. ಹೊಡೆಯುವ ಮೊದಲು ಅದು ಒಳಗೆ ಸರಾಗವಾಗಿ ಕೂರುತ್ತೆ, ಅಲ್ಲೇ ಮೋಸ ಹೋಗೋದು. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತೆ. ನಳಿಗೆ ಬಿಚ್ಚಿ ಅಡಿಭಾಗದ ಚಪ್ಪಟೆಯಲ್ಲಿ ಕೊರೆದ ಅಂಕಿ ನೋಡಿ, ಗೊತ್ತಾಗದಿದ್ದರೆ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಅಳತೆ ಮಾಡಿಸಿ. ನಳಿಗೆಯ ಮೇಲೆ ಹಾವಿನ ಮೈಯಂತೆ ಅಲೆ ಅಲೆ ಗೆರೆ ಇದ್ದರೆ ಅದು ಡಮಾಸ್ಕಸ್, ಕರಿಮದ್ದಿನ ಕಾಲದ್ದು. ಅದಕ್ಕೆ ಈಗಿನ ತೋಟಾ ಹಾಕಲೇಬಾರದು.

ಎಲ್‌ಜಿ 30 ಮೀಟರ್ ದಾಟಿದರೆ ಹರಡಿಹೋಗುತ್ತೆ. ನಿಮ್ಮ ಕೋವಿ ಎಷ್ಟು ಹರಡುತ್ತೆ ಅಂತ ರೈಫಲ್ ಕ್ಲಬ್ಬಿನ ರೇಂಜಿನಲ್ಲಿ 25 ಮೀಟರಿಗೆ ದಿನಪತ್ರಿಕೆ ಅಂಟಿಸಿ ನೋಡಿ. ಆರರಲ್ಲಿ ನಾಲ್ಕಾದರೂ ಒಂದಡಿ ಅಗಲದೊಳಗೆ ಬೀಳದಿದ್ದರೆ ನಿಮ್ಮ ದೂರ 25 ಅಲ್ಲ, 15. ಎರಡೂ ನಳಿಗೆಯನ್ನು ಬೇರೆಬೇರೆಯಾಗಿ ನೋಡಿ, ಒಂದರ ಬಾಯಿ ಇನ್ನೊಂದಕ್ಕಿಂತ ಬಿಗಿ ಇರುತ್ತೆ.

ಕೇಪಿನ ಕೋವಿಯವರಿಗೆ ಎರಡು ಮಾತು. ಮಳೆಗಾಲದಲ್ಲಿ ಮದ್ದು ತೇವ ಹಿಡಿದರೆ ಕೇಪು ಹೊಡೆದ ಮೇಲೆ ತಡವಾಗಿ ಹೊತ್ತಿಕೊಳ್ಳುತ್ತೆ. ಹಾರಲಿಲ್ಲ ಅಂತ ತಕ್ಷಣ ಬಾಯಿ ತಿರುಗಿಸಿ ನೋಡಬೇಡಿ, ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಕಾಣಿಸಬೇಕು, ಕರಿಮದ್ದಿನ ಬೂದಿ ಗಾಳಿಯ ನೀರು ಎಳೆದು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತೆ. ಖಾಲಿ ನಳಿಗೆಗೆ ಗಜ (ಮದ್ದು ಜಡಿಯುವ ಕೋಲು) ಇಳಿಸಿ ಬಾಯಿಯ ಮಟ್ಟಕ್ಕೆ ಒಂದು ಗೀರು ಹಾಕಿಡಿ. ಮುಂದೆ ಯಾವಾಗ ಇಳಿಸಿದರೂ ಗೀರು ಬಾಯಿಯಿಂದ ಮೇಲೆ ನಿಂತರೆ ಒಳಗೆ ಈಡು (ತುಂಬಿದ ಮದ್ದು, ಗುಂಡು) ಇದೆ ಅಂತ ಅರ್ಥ, ಇಲ್ಲವೇ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ. ಈಡಿನ ಮೇಲೆ ಇನ್ನೊಂದು ಈಡು ತುಂಬಿದರೂ, ಮಣ್ಣು ಕಟ್ಟಿದ್ದರೂ ನಳಿಗೆ ಸೀಳುತ್ತೆ.

ಜೀವಭಯಕ್ಕೆ ಅಂತ .32 ಪಡೆದವರು ನಮ್ಮಲ್ಲಿ ಇದ್ದಾರೆ. ಅವರು ಅದನ್ನು ಚರ್ಮದ ಚೀಲದಲ್ಲೇ ಬಿಟ್ಟು ಮಳೆಗಾಲ ಕಳೆಯಬಾರದು. ಚರ್ಮ ತೇವ ಹೀರುತ್ತೆ, ಆಷಾಢ ಮುಗಿಯುವುದರೊಳಗೆ ಸಿಲಿಂಡರ್ ಮೇಲೆ ಕೆಂಪು ಚುಕ್ಕಿ ಏಳುತ್ತೆ. ಹಾಗಂತ ಎಣ್ಣೆ ಸುರಿಯಬೇಡಿ, ತೋಟಾದ ಹಿಂಬದಿಯ ಕೇಪಿಗೆ ಇಳಿದರೆ ಅದು ಸತ್ತುಹೋಗುತ್ತೆ. ತೋಟಾ ಹೊರತಳ್ಳುವ ನಕ್ಷತ್ರದಾಕಾರದ ಭಾಗದ ಅಡಿಗೆ ಮದ್ದಿನ ಕಸ ಸೇರಿದರೆ ಸಿಲಿಂಡರ್ ಬಿಗಿಯುತ್ತೆ, ಅಲ್ಲಿ ಹಲ್ಲುಜ್ಜುವ ಹಳೇ ಬ್ರಷ್ ಸಾಕು. ಹಳೇ ತೋಟಾ ಹೊಡೆದಾಗ ಸದ್ದು ಸಣ್ಣಗೆ "ಟುಸ್" ಅಂದರೆ ನಿಲ್ಲಿಸಿ, ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಎರಡನೇದು ಹೋದರೆ ನಳಿಗೆ ಉಬ್ಬುತ್ತೆ, ಕೈಯೂ ಹೋಗಬಹುದು. ಸಿಲಿಂಡರ್‌ಗೂ ನಳಿಗೆಗೂ ನಡುವಿನ ಸಂದಿಯಿಂದ ಬೆಂಕಿ, ಸೀಸದ ಚೂರು ಪಕ್ಕಕ್ಕೆ ಹಾರುತ್ತೆ, ಎಡಗೈ ಬೆರಳು ಅದರ ಮುಂದಕ್ಕೆ ಹೋಗಬಾರದು.

ಅಜ್ಜನ ಪೆಟ್ಟಿಗೆಯಲ್ಲಿ ವೆಬ್ಲಿ ಸಿಕ್ಕಿತು ಅನ್ನುವವರು ದಯವಿಟ್ಟು ಗಮನವಿಟ್ಟು ಓದಿ. .380, .455 ರಿಮ್ (ತಳದಲ್ಲಿ ಅಂಚಿರುವ) ತೋಟಾ ಹಾರಿಸಬಲ್ಲ ಯಾವ ರಿವಾಲ್ವರ್ ಆದರೂ ನಿಷೇಧಿತ ಬೋರು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, 14ರವರೆಗೂ ಜೈಲು. ಅಟ್ಟದ ಮೇಲೆ ಬಚ್ಚಿಡುವುದು, ಕೆರೆಗೆ ಎಸೆಯುವುದು ಎರಡೂ ತಪ್ಪು. ಮೊದಲು ವಕೀಲರನ್ನು ಕಂಡು, ಅಜ್ಜನ ಮರಣ ಪತ್ರ, ಹಳೇ ಲೈಸೆನ್ಸ್ ಪುಸ್ತಕ ಹುಡುಕಿಟ್ಟುಕೊಂಡು, ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಅಡಿ ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಿರಿ. ತೀರಿಹೋದವರ ಹೆಸರಿನಲ್ಲಿರುವ 12 ಬೋರಿಗೂ ಇದೇ ದಾರಿ, ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಒಬ್ಬರಿಗೆ ಈಗ ಎರಡೇ ಕೋವಿ, ಲೈಸೆನ್ಸ್ ಅವಧಿ ಐದು ವರ್ಷ.

ಕೊನೆಗೆ, ನನಗೆ ನಿಜವಾಗಿ ಸಂಕಟ ಆಗುವ ವಿಷಯ ಚುನಾವಣೆಯದ್ದು. ನೀತಿಸಂಹಿತೆ ಬಂತೆಂದರೆ ಕೋವಿ ಠಾಣೆಗೆ, ಹಂದಿ ಗದ್ದೆಗೆ. ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ಇಡಿಸಿಕೊಳ್ಳುವ ಬದಲು ಒಬ್ಬೊಬ್ಬರ ಪ್ರಕರಣ ನೋಡಿ ತೀರ್ಮಾನಿಸಲಿ ಅಂತಲೇ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಇರುವುದು. ದಿನಾಂಕ ಘೋಷಣೆಯಾದ ವಾರದಲ್ಲೇ ಅರ್ಜಿ ಕೊಡಿ. ಅದರಲ್ಲಿ ಲೈಸೆನ್ಸ್ ಪ್ರತಿ, ಲೈಸೆನ್ಸಿನ ಗುರುತು ಸಂಖ್ಯೆಯಾದ ಯುಐಎನ್ ನಂಬರು, ಪಹಣಿ, ನಿಂತ ಬೆಳೆಯ ಫೋಟೋ, ಹಿಂದೆ ಅರಣ್ಯ ಇಲಾಖೆಗೆ ಬೆಳೆಹಾನಿ ಪರಿಹಾರಕ್ಕೆ ಹಾಕಿದ ಅರ್ಜಿಯ ಪ್ರತಿ, ನಿಮ್ಮ ಮೇಲೆ ಯಾವುದೇ ಕೇಸಿಲ್ಲ ಅನ್ನುವ ಒಂದು ಸಾಲು ಇರಲಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ.